ಅಣ್ಣುವಿನ ಕೈ ಮುರಿದದ್ದು ಬಾತ್‌ರೂಮಿನಲ್ಲಲ್ಲ

ದೋಹಾದಲ್ಲಿ ಭಾನುವಾರವೆಂದರೆ ರಜೆಯಲ್ಲ, ವಾರದ ಮೊದಲ ಕೆಲಸದ ದಿನ. 2006ರ ಸೆಪ್ಟೆಂಬರ್ ತಿಂಗಳ ಅಂಥ ಒಂದು ಭಾನುವಾರ ಬೆಳಿಗ್ಗೆ ನಾನು ಮಗಳು ಮೈರಾಳ ಶಾಲೆಯ ಸ್ಕರ್ಟಿಗೆ ಇಸ್ತ್ರಿ ಹಾಕುತ್ತಿದ್ದೆ. ನೆರಿಗೆಗಳನ್ನು ಒಂದೊಂದಾಗಿ ಕೂರಿಸುತ್ತಿದ್ದಾಗ ಬಾಗಿಲಿನ ಬೆಲ್ ಆಯಿತು. ಅಷ್ಟು ಬೆಳಿಗ್ಗೆ ಯಾರಪ್ಪಾ ಎಂದುಕೊಂಡು ಬಾಗಿಲು ತೆರೆದೆ.

ನಮ್ಮ ಬಡಗಿ ಅಣ್ಣು ನಿಂತಿದ್ದ. ಬಲಗೈಗೆ ಬೆರಳಿನಿಂದ ಮೊಣಕೈವರೆಗೆ ಪ್ಲಾಸ್ಟರ್. ಎಡ ಕಂಕುಳಲ್ಲಿ ಒಂದು ಖಾಲಿ ರಟ್ಟಿನ ಪೆಟ್ಟಿಗೆ.

"ಬಾಯಮ್ಮ, ಇದರ ಮೇಲೆ ನನ್ನ ಹೆಸರು, ಅಡ್ರೆಸ್ ಬರೆದು ಕೊಡ್ತೀರಾ? ಎಡಗೈಯಲ್ಲಿ ನಾನು ಬರೆದ್ರೆ ಕೋಳಿ ಕೆದಕಿದ ಹಾಗೆ ಆಗ್ತದೆ. ಏರ್‌ಪೋರ್ಟಲ್ಲಿ ಪೆಟ್ಟಿಗೆ ನನ್ನದೇ ಅಂತ ನನಗೇ ಗೊತ್ತಾಗ್ಲಿಕ್ಕಿಲ್ಲ."

ಗಲ್ಫಿನಿಂದ ಊರಿಗೆ ಹೋಗುವ ನಮ್ಮವರ ಪೆಟ್ಟಿಗೆ ನಿಮಗೆ ಗೊತ್ತೇ ಇದೆ. ನಾಲ್ಕು ಸುತ್ತು ಹಗ್ಗ, ಮೇಲೆ ಕಪ್ಪು ಮಾರ್ಕರಿನಲ್ಲಿ ದಪ್ಪಕ್ಷರದ ಹೆಸರು. ಅದನ್ನು ಬರೆಯುವುದೇ ಒಂದು ಸಂಭ್ರಮ. ನಾನೂ ಹಾಗೇ ತಿಳಿದು ನಕ್ಕೆ.

"ಓ, ರಜೆ ಸಿಕ್ಕಿತಾ?"

"ರಜೆ ಅಲ್ಲ ಬಾಯಮ್ಮ. ಕ್ಯಾನ್ಸಲ್. ಬುಧವಾರದ ಫ್ಲೈಟು. ಪೊರ್ಬುಗಳು ಟಿಕೆಟ್ ಮಾಡಿಸಿ ಆಯ್ತು. ನಿಮಗೆ ಹೇಳ್ಲಿಲ್ವಾ?"

ನಮ್ಮ ಕರಾವಳಿಯ ಕಡೆ ಕ್ರಿಶ್ಚಿಯನ್ ಗಂಡಸರನ್ನು ಪೊರ್ಬುಗಳು ಎಂದೂ, ಹೆಂಗಸರನ್ನು ಬಾಯಮ್ಮ ಎಂದೂ ಕರೆಯುವುದು ವಾಡಿಕೆ. ಅಣ್ಣು ಹೇಳಿದ ಪೊರ್ಬುಗಳು ನನ್ನ ಗಂಡ ಯೂಸ್ಟೇಸ್. ಅವರು ನನಗೆ ಹೇಳಿರಲಿಲ್ಲ. ವೀಸಾ ಕ್ಯಾನ್ಸಲ್ ಆಗಿ ಹೋದವನು ಹೊಸ ವೀಸಾ ಸಿಗದೆ ಮರಳಿ ಬರಲಾರ. ಕೈ ಮುರಿದ ಬಡಗಿಗೆ ಹೊಸ ವೀಸಾ ಯಾರು ಕೊಡುತ್ತಾರೆ?

"ಊರಲ್ಲಿ ಎಂತ ಮಾಡ್ತಿ ಅಣ್ಣು?"

"ಎಣ್ಣೆ ಹಾಕಿ ತಿಕ್ಕುವವರು ಇದ್ದಾರಲ್ಲ, ಗುಣ ಆಗ್ತದೆ ಅಂತಾರೆ." ಸ್ವಲ್ಪ ಹೊತ್ತು ಪೆಟ್ಟಿಗೆಯ ಮೂಲೆ ಸವರಿದ. "ಆದ್ರೆ ಬಾಯಮ್ಮ, ಕೈ ಕಟ್ಟಿಕೊಂಡು ಬಂದ ಬಡಗಿಯನ್ನು ಊರಲ್ಲಿ ಒಂದು ಬಾಗಿಲು ಕೂರಿಸ್ಲಿಕ್ಕೂ ಯಾರೂ ಕರೆಯುದಿಲ್ಲ. ಅದೊಂದು ನನಗೂ ಗೊತ್ತುಂಟು."

ಅಷ್ಟರಲ್ಲಿ ಒಳಗಿಂದ ಸುಟ್ಟ ವಾಸನೆ ಬಂತು. ಇಸ್ತ್ರಿ ಪೆಟ್ಟಿಗೆ ಸ್ಕರ್ಟಿನ ಮೇಲೆಯೇ ಉಳಿದಿತ್ತು. ನಾನು ಓಡಿದೆ. ಅಂಗೈಯಗಲ ಕಂದು ಕಲೆ. ಮೈರಾ ಶೂ ಹಾಕಿಕೊಂಡು ಬಾಗಿಲ ಹಿಂದೆ ನಿಂತಿದ್ದವಳು, ಅಣ್ಣುವನ್ನು ಕಂಡದ್ದೇ ಬೆಡ್‌ರೂಮಿಗೆ ಹೋದಳು. ಮೊದಲಾಗಿದ್ದರೆ ಅವನ ಭುಜಕ್ಕೆ ಜೋತು ಬೀಳುವ ಹುಡುಗಿ. ಏಳು ವರ್ಷ. ಪ್ಲಾಸ್ಟರ್ ಕಂಡು ಹೆದರಿದ್ದಾಳೆ ಎಂದು ನಾನು ಭಾವಿಸಿದ್ದೆ.

"ಪೆಟ್ಟಿಗೆ ಇಲ್ಲಿಡು. ಬಿಡುವಾದಾಗ ಬರೀತೇನೆ," ಎಂದು ಅಣ್ಣುವನ್ನು ಕಳಿಸಿದೆ. ಬರೆಯುವ ಮನಸ್ಸು ನನಗಿರಲಿಲ್ಲ.

ಆಗ ನಾವು ದೋಹಾ ಅಲ್ ಜದೀದಾದ ಒಂದು ಹಳೆಯ ಮೂರು ಅಂತಸ್ತಿನ ಕಟ್ಟಡದಲ್ಲಿದ್ದೆವು. ಕೆಳಗೆ ಕಿರಾಣಿ ಅಂಗಡಿ, ಪಕ್ಕದಲ್ಲಿ ರೊಟ್ಟಿಯ ಒಲೆ. ಬಾಲ್ಕನಿಯಿಂದ ಹಗ್ಗ ಕಟ್ಟಿದ ಬುಟ್ಟಿ ಇಳಿಸಿದರೆ ಹಾಲು, ಬಿಸಿ ಖುಬೂಸ್ ರೊಟ್ಟಿ, ಒಮ್ಮೊಮ್ಮೆ ಬದಿಯ ಫ್ಲಾಟಿನವರ ಕೊತ್ತಂಬರಿ ಸೊಪ್ಪು ಎಲ್ಲ ಒಟ್ಟಿಗೇ ಮೇಲೆ ಬರುತ್ತಿತ್ತು. ಕಿಟಕಿಯ ಏಸಿ ತೊಟ್ಟಿಕ್ಕುವ ನೀರಿಗೆ ಎಲ್ಲರ ಮನೆಯಲ್ಲೂ ಒಂದೊಂದು ಬಕೆಟ್. ಈಗ ನೆನೆದರೆ ಆ ಬಕೆಟಿನ ಟಿಪ್ ಟಿಪ್ ಸದ್ದೂ ಹಿತವಾಗಿ ಕೇಳುತ್ತದೆ.

ಯೂಸ್ಟೇಸ್‌ಗೆ ಇಂಡಸ್ಟ್ರಿಯಲ್ ಏರಿಯಾದಲ್ಲಿ ಸಣ್ಣದೊಂದು ಮರಗೆಲಸದ ಶಾಪ್ ಇತ್ತು. ಐದು ಜನ ಕೆಲಸದವರು. ಅಡಿಗೆಮನೆಯ ಕಪಾಟು, ಕಪಾಟಿನ ಪುಟ್ಟ ಬಾಗಿಲುಗಳಾದ ಶಟರ್, ಮನೆಯ ಬಾಗಿಲು ಮಾಡುತ್ತಿದ್ದರು. ಅಣ್ಣು ಕಾಪು ಕಡೆಯವನು. ಮೊದಲ ದಿನದಿಂದಲೂ ನಮ್ಮೊಂದಿಗಿದ್ದ ಬಡಗಿ. ಮೈರಾ ಹುಟ್ಟಿದಾಗ ಉಳಿದ ಮರದ ತುಂಡುಗಳಲ್ಲಿ ತೊಟ್ಟಿಲು ಮಾಡಿದವನು ಅವನೇ. ಶುಕ್ರವಾರ ನಮ್ಮಲ್ಲೇ ಊಟ. ಮೀನು ಸಾರು ಉಂಡು, "ಬಾಯಮ್ಮ, ಇದಕ್ಕೆ ಹುಳಿ ಕಮ್ಮಿ. ಆದ್ರೂ ಪರವಾಗಿಲ್ಲ, ಮತ್ತೊಂದು ಸೌಟು ಹಾಕಿ," ಎನ್ನುತ್ತಿದ್ದ.

ಅವನ ಕೈ ಮುರಿದದ್ದು ಆಗಸ್ಟಿನ ಒಂದು ಶನಿವಾರ. ಶಾಲೆಗೆ ರಜೆಯೆಂದು ಮೈರಾ ಅಪ್ಪನ ಜೊತೆ ಶಾಪಿಗೆ ಹೋಗಿದ್ದಳು. ಗೋಡೆಗೆ ಒರಗಿಸಿಟ್ಟ ಪ್ಲೈವುಡ್ ಶೀಟುಗಳ ರಾಶಿ ಜಾರಿ ಅಣ್ಣುವಿನ ಬಲಗೈ ಮೇಲೆ ಬಿತ್ತು. ಮಣಿಕಟ್ಟು ಮುರಿಯಿತು, ಎರಡು ಬೆರಳು ಜಜ್ಜಿಹೋದವು. ಯೂಸ್ಟೇಸ್ ಅವನನ್ನು ಕಾರಿನಲ್ಲಿ ಆಸ್ಪತ್ರೆಗೆ ಕರೆದೊಯ್ದರು. ಅಲ್ಲಿ ಹೇಗಾಯಿತೆಂದು ಕೇಳಿದಾಗ ಇಬ್ಬರೂ ಹೇಳಿದ್ದು ಒಂದೇ ಮಾತು: "ರೂಮಿನ ಬಾತ್‌ರೂಮಿನಲ್ಲಿ ಜಾರಿ ಬಿದ್ದದ್ದು."

ನಮ್ಮವರಲ್ಲಿ ಇದೊಂದು ಅಭ್ಯಾಸವಾಗಿಬಿಟ್ಟಿದೆ. ಶಾಪಿನಲ್ಲಿ ಪೆಟ್ಟಾಯಿತೆಂದರೆ ಪೊಲೀಸ್, ಕೇಸು, ದಂಡ ಎಂದು ಧಣಿಗೆ ಹೆದರಿಕೆ. ಧಣಿಗೆ ತೊಂದರೆಯಾದರೆ ತನ್ನ ಕೆಲಸ ಹೋದೀತೆಂದು ಕೆಲಸದವನಿಗೆ ಹೆದರಿಕೆ. ಹೀಗೆ ಎಷ್ಟು ಜನ ಗಟ್ಟಿಮುಟ್ಟಾದ ಗಂಡಸರು ಬಾತ್‌ರೂಮಿನಲ್ಲಿ ಜಾರಿ ಬಿದ್ದಿದ್ದಾರೋ, ದೇವರೇ ಬಲ್ಲ. ನಾನೇನೂ ಹೊರತಲ್ಲ. ಆ ಸಂಜೆ ಮೈರಾಳನ್ನು ಹತ್ತಿರ ಕೂರಿಸಿ, "ಯಾರು ಕೇಳಿದ್ರೂ ಬಾತ್‌ರೂಮ್ ಅಂತ ಹೇಳು ಪುಟ್ಟಿ. ಶಾಪಿನ ಸುದ್ದಿ ಬೇಡ," ಎಂದವಳು ನಾನೇ. ಅವಳು ಏನೋ ಕೇಳಲು ಬಾಯಿ ತೆರೆದಳು. "ದೊಡ್ಡವರ ವಿಷಯ," ಎಂದು ಸುಮ್ಮನಾಗಿಸಿದೆ.

ಆ ಭಾನುವಾರ ಮಧ್ಯಾಹ್ನ ಬಟ್ಟೆ ಒಣಗಿಸಲು ತಾರಸಿಗೆ ಹೋದೆ. ಮೂರನೆಯ ಅಂತಸ್ತಿನ ಅಗಾತಾ ಬಾಯಿ ಅಲ್ಲಿದ್ದರು. ಹದಿನೈದು ವರ್ಷದಿಂದ ಒಂದು ಇನ್ಶೂರೆನ್ಸ್ ಆಫೀಸಿನಲ್ಲಿ ಕ್ಲರ್ಕ್ ಆಗಿದ್ದ ಹಿರಿಯ ಹೆಂಗಸು. ಆ ದಿನ ಅವರಿಗೆ ರಜೆ. ನನ್ನ ಮುಖ ನೋಡಿಯೇ ಕೇಳಿದರು.

"ಎಂತ ತೆರೆಜಾ, ಬಟ್ಟೆಗೆ ಬದಲು ಮುಖ ಹಿಂಡಿದ ಹಾಗುಂಟು?"

ಎಲ್ಲ ಹೇಳಿದೆ, ಬಾತ್‌ರೂಮಿನ ಮಾತೊಂದು ಬಿಟ್ಟು. ಅವರು ಬಾಯಲ್ಲಿದ್ದ ಕ್ಲಿಪ್ ತೆಗೆದು ಕೈಯಲ್ಲಿ ಹಿಡಿದರು.

"ಯೂಸ್ಟೇಸ್ ಕೆಲಸದವರ ಇನ್ಶೂರೆನ್ಸ್ ಮಾಡಿಸಿದ್ದಾನಲ್ಲ? ಹೋದ ವರ್ಷ ಯಾವುದೋ ಸೈಟಿನವರು ಇಲ್ಲದಿದ್ರೆ ಗೇಟ್ ಪಾಸ್ ಕೊಡುದಿಲ್ಲ ಅಂದಿದ್ರು. ನನ್ನ ಹತ್ರವೇ ಕೇಳಿಕೊಂಡು ಹೋಗಿ ಬೇರೆ ಕಂಪೆನಿಯಲ್ಲಿ ಮಾಡಿಸಿದ ಅವನು. ಎರಡು ಕಾಸು ಕಮ್ಮಿ ಅಂತ."

"ಅದು ಗೇಟ್ ಪಾಸಿಗಲ್ವಾ ಬಾಯಿ?"

"ಅಯ್ಯೋ ನಿನ್ನ! ಅದು ಇಂಥ ದಿನಕ್ಕೇ ಇರುದು. ಗಂಡನಿಗೆ ಫೈಲು ತರ್ಲಿಕ್ಕೆ ಹೇಳು. ಸಂಜೆ ನಾನು ಬರ್ತೇನೆ. ಚಾ ಮಾತ್ರ ಸಕ್ಕರೆ ಕಮ್ಮಿ."

ಸಂಜೆ ಯೂಸ್ಟೇಸ್ ಬಂದದ್ದೇ ಕೋಪದಲ್ಲಿ. ಕೈಯಲ್ಲಿ ಫೈಲು, ಬಾಯಲ್ಲಿ ಬೈಗುಳ. ಅಗಾತಾ ಬಾಯಿ ಸೋಫಾದಲ್ಲಿ ಕೂತಿದ್ದನ್ನೂ ಗಮನಿಸಲಿಲ್ಲ.

"ಹನ್ನೊಂದು ಶಟರ್! ಹನ್ನೊಂದು ಶಟರ್ ಗಿಡ್ಡ ಕೊಯ್ದು ಇಟ್ಟಿದ್ದಾರೆ! ರೀಪು ಎದುರಿಗೇ ಉಂಟು, ನೋಡಿ ಕೊಯ್ಲಿಕ್ಕೆ ಎಂತ ದಾಡಿ?"

ರೀಪಿನ ವಿಷಯ ಹೇಳಬೇಕು. ಅಣ್ಣು ಅಳತೆಯನ್ನು ಪುಸ್ತಕದಲ್ಲಿ ಬರೆಯುವವನಲ್ಲ. ಒಂದು ಮನೆಗೆ ಒಂದು ರೀಪು. ಮನುಷ್ಯನೆತ್ತರದ ಆ ತೆಳ್ಳಗಿನ ಮರದ ಪಟ್ಟಿಯನ್ನು ಗೋಡೆಗೆ ಹಿಡಿದು, ಕಪಾಟಿನ ಎತ್ತರ, ಅಗಲ, ಬಾಗಿಲಿನ ಸಂದು ಎಲ್ಲವನ್ನೂ ಪೆನ್ಸಿಲಿನಲ್ಲಿ ಗೀಟು ಹಾಕಿ ತರುತ್ತಿದ್ದ. ಯಾವ ಗೀಟು ಯಾವುದಕ್ಕೆಂದು ಅವನಿಗೆ ಮಾತ್ರ ಗೊತ್ತು. ಅವನ ಕೈ ಮುರಿದ ಮೇಲೆ ಆ ರೀಪುಗಳು ಗೋಡೆಗೆ ಒರಗಿದ ಬರಿಯ ಕೋಲುಗಳಾಗಿದ್ದವು. ಡಿಸೆಂಬರಿನಲ್ಲಿ ದೋಹಾದಲ್ಲೇ ಏಷ್ಯನ್ ಗೇಮ್ಸ್. ಊರಿಗೂರೇ ಅಗೆದು ಕಟ್ಟುತ್ತಿದ್ದ ಕಾಲ. ಎಲ್ಲರಿಗೂ ಅವಸರ.

"ಕೂತ್ಕೊ ಯೂಸ್ಟೇಸ್," ಎಂದರು ಅಗಾತಾ ಬಾಯಿ. "ಫೈಲು ಕೊಡು. ಅಣ್ಣುವನ್ನು ಕಳಿಸ್ತಿ ಅಂತೆ?"

ಯೂಸ್ಟೇಸ್ ನನ್ನ ಕಡೆ ನೋಡಿದರು. ನಾನು ಚಾ ಸೋಸುತ್ತಿದ್ದೆ.

"ಮತ್ತೆಂತ ಮಾಡುದು ಬಾಯಿ? ಮೂರು ವಾರದಿಂದ ಕೂತಲ್ಲೇ ಸಂಬಳ ಕೊಟ್ಟಿದ್ದೇನೆ. ನಾನೇನು ರಾಕ್ಷಸ ಅಲ್ಲ. ಆದ್ರೆ ಐದು ಜನರ ಶಾಪು. ಇನ್ನು ಎಷ್ಟು ತಿಂಗಳು?"

"ಕೆಲಸದಲ್ಲಿ ಪೆಟ್ಟಾದ್ರೆ ಔಷಧಿಯ ಖರ್ಚು, ಗುಣ ಆಗುವವರೆಗೆ ಆರು ತಿಂಗಳಿನ ತನಕ ಪೂರ್ತಿ ಸಂಬಳ, ಎರಡೂ ಧಣಿಯ ಮೇಲೆ. ಹೊಸ ಕಾನೂನು ಬಂದು ಒಂದೂವರೆ ವರ್ಷ ಆಯ್ತು. ಕಳಿಸಿದ್ರೆ ಅದು ತಪ್ಪುದಿಲ್ಲ."

"ನೋಡಿದ್ಯಾ ತೆರೆಜಾ? ಹೆದರಿಸ್ಲಿಕ್ಕೆ ಕರೆಸಿದ್ದಾ ಇವರನ್ನು?"

"ಪೂರ್ತಿ ಕೇಳು ಮಾರಾಯ. ನೀನು ಕೊಟ್ಟದ್ದನ್ನು ನಿನಗೆ ತುಂಬಿಸಿ ಕೊಡ್ಲಿಕ್ಕೇ ಇರುದು ಈ ಪಾಲಿಸಿ. ಇದನ್ನು ಫೈಲಲ್ಲಿ ಮಲಗಿಸಿ ಇಟ್ಟಿದ್ದೀಯಲ್ಲ, ಇದೇನು ಸಂತರ ಫೋಟೋವಾ, ಇಟ್ಟು ಕೈ ಮುಗಿಲಿಕ್ಕೆ?" ಅಗಾತಾ ಬಾಯಿ ಕನ್ನಡಕ ಹಾಕಿ ಹಾಳೆ ತಿರುವಿದರು. "ಇಗೊ. ಚಿಕಿತ್ಸೆಯ ಖರ್ಚು ಉಂಟು. ಕೆಲಸ ಮಾಡ್ಲಿಕ್ಕಾಗದ ದಿನಗಳ ಸಂಬಳ ಉಂಟು. ಕೊನೆಯ ಹಾಳೆ ಓದಿದ್ದೀಯಾ?"

"ಕೊನೆಯ ಹಾಳೆ ಯಾರು ಓದ್ತಾರೆ?"

"ಅದೇ ಸೈಟಿನವರು ಹಟ ಹಿಡಿದು ಹಾಕಿಸಿದ್ದು ಇದು. ಎಲ್ಲ ಪಾಲಿಸಿಯಲ್ಲಿ ಇರುದಿಲ್ಲ. ಪೆಟ್ಟಾದವನನ್ನು ಡಾಕ್ಟರ್ ಹೇಳಿದ ಹಗುರ ಕೆಲಸಕ್ಕೆ ನೀನು ವಾಪಸು ತಗೊಂಡ್ರೆ, ಹನ್ನೆರಡು ವಾರ ಅವನ ಅರ್ಧ ಸಂಬಳ ಕಂಪೆನಿ ನಿನಗೆ ಕೊಡ್ತದೆ. ಅವನ ಕೈಗೆ ನೀನು ಪೂರ್ತಿಯೇ ಕೊಡ್ಬೇಕು, ಅದು ನೆನಪಿರ್ಲಿ. ಕೂರ್ಲಿಕ್ಕೆ, ಹಿಡೀಲಿಕ್ಕೆ ಏನಾದ್ರೂ ಸಾಮಾನು ಬೇಕಾದ್ರೆ ಅದಕ್ಕೂ ಸ್ವಲ್ಪ ಕೊಡ್ತಾರೆ."

ಯೂಸ್ಟೇಸ್ ನಕ್ಕರು. "ಇನ್ಶೂರೆನ್ಸಿನವರು ತಗೊಳ್ಳುವಾಗ ನಗ್ತಾರೆ, ಕೊಡುವಾಗ ಅಳ್ತಾರೆ. ಮುಂದಿನ ವರ್ಷ ಪ್ರೀಮಿಯಂ ಏರಿಸ್ತಾರೆ."

"ಏರಿಸಬಹುದು. ನಾನು ಇಲ್ಲ ಅಂತ ಹೇಳುದಿಲ್ಲ. ಹೊಸ ಬಡಗಿಗೆ ವೀಸಾ, ಟಿಕೆಟ್, ಮೆಡಿಕಲ್, ಬರುವ ತನಕ ಕಾಯುದು, ಇದೆಲ್ಲ ಧರ್ಮಕ್ಕಾ?"

"ಆಯ್ತು, ಒಂದು ಕೈಯಲ್ಲಿ ಬಡಗಿ ಎಂತ ಕೆಲಸ ಮಾಡುದು, ಹೇಳಿ?"

ನನಗೆ ತಡೆಯಲಾಗಲಿಲ್ಲ. "ಇವತ್ತು ಆ ಹನ್ನೊಂದು ಶಟರ್ ಕೊಯ್ದದ್ದು ಎಷ್ಟು ಜನ?"

"ನಾಲ್ಕು ಜನ."

"ಅಂದ್ರೆ ಎಂಟು ಕೈ."

ಅಗಾತಾ ಬಾಯಿ ಚಾ ಕುಡಿಯುತ್ತಿದ್ದವರು ಕೆಮ್ಮಿದರು.

"ಆಸ್ಪತ್ರೆಯ ಕಾಗದ ತೋರಿಸು," ಎಂದು ಅಗಾತಾ ಬಾಯಿ ಕೈ ಚಾಚಿದರು. ಓದಿದರು. ಇನ್ನೊಮ್ಮೆ ಓದಿದರು. ಕನ್ನಡಕ ತೆಗೆದು ಮಡಿಲಲ್ಲಿಟ್ಟರು.

"ಬಾತ್‌ರೂಮಾ?"

ನಾನು ನೆಲ ನೋಡಿದೆ.

"ಯಾರ ಬುದ್ಧಿ ಇದು?"

"ಕಾರಲ್ಲಿ ಅವನೇ ಹೇಳಿದ," ಎಂದರು ಯೂಸ್ಟೇಸ್ ಮೆಲ್ಲಗೆ. "ಪೊರ್ಬುಲೆ, ನಿಮಗೆ ಉಪದ್ರ ಬೇಡ, ಬಾತ್‌ರೂಮ್ ಅಂತ ಹೇಳುವ ಅಂತ. ಆ ನೋವಲ್ಲೂ. ನಾನು ಹೂಂ ಅಂದೆ."

"ಪಾಪ ಅವನು ನಿನ್ನನ್ನು ಉಳಿಸ್ಲಿಕ್ಕೆ ಹೋಗಿ ಅವನ ಕೈಗೆ ಬರುವ ಸಹಾಯವನ್ನೇ ಕಡಿದುಕೊಂಡ. ಬಾತ್‌ರೂಮಿನಲ್ಲಿ ಬಿದ್ದವನಿಗೆ ಈ ಪಾಲಿಸಿ ಒಂದು ರಿಯಾಲ್ ಕೊಡುದಿಲ್ಲ. ಕೆಲಸದಲ್ಲಿ ಪೆಟ್ಟಾದ್ರೆ ಕೂಡಲೇ ಪೊಲೀಸಿಗೂ ಲೇಬರ್ ಆಫೀಸಿಗೂ ತಿಳಿಸ್ಬೇಕು. ಅದು ಧಣಿಯ ಕೆಲಸ."

"ಈಗ ಹೋಗಿ ಅವತ್ತು ಸುಳ್ಳು ಹೇಳಿದ್ದು ಅಂತ ಹೇಳಿದ್ರೆ ನನ್ನನ್ನೇ ಒಳಗೆ ಹಾಕ್ತಾರೆ ಬಾಯಿ. ಖಲಾಸ್. ಹೆಂಡತಿ ಮಗು ಎಲ್ಲಿಗೆ ಹೋಗುದು?"

"ಎಂತ ಮಾಡ್ತಾರೋ ನನಗೂ ಗೊತ್ತಿಲ್ಲ. ಬೈಬಹುದು, ದಂಡ ಹಾಕಬಹುದು. ಆದ್ರೆ ಇದೊಂದು ಗೊತ್ತುಂಟು. ಬುಧವಾರ ಅವನು ವಿಮಾನ ಹತ್ತಿದ ಮೇಲೆ ಈ ಕಾಗದಗಳನ್ನು ನೀನು ಶಟರಿನ ಸಂದಿಗೆ ತುರುಕಬಹುದು, ಅಷ್ಟೇ." ಅವರು ಎದ್ದರು. "ತೆರೆಜಾ, ಚಾಕ್ಕೆ ಸಕ್ಕರೆ ಜಾಸ್ತಿ ಆಗಿದೆ."

ಆ ರಾತ್ರಿ ನಾನು ಒತ್ತಾಯಿಸಲಿಲ್ಲ. ಯೂಸ್ಟೇಸ್ ಸ್ವಭಾವ ನನಗೆ ಗೊತ್ತು. ದೂಡಿದರೆ ನಿಲ್ಲುತ್ತಾರೆ, ಬಿಟ್ಟರೆ ನಡೆಯುತ್ತಾರೆ.

ಮರುದಿನ ಸೋಮವಾರ ಅವರು ಅಣ್ಣುವನ್ನು ಅವನ ರೂಮಿನಿಂದ ಶಾಪಿಗೆ ಕರೆದೊಯ್ದರು. ರೀಪು ಓದಿಸಲಿಕ್ಕೆ. ಸಂಜೆ ಮನೆಗೆ ಬಂದವರು ಊಟದ ತಟ್ಟೆಯ ಮುಂದೆ ಕೂತರು, ತುತ್ತು ಎತ್ತಲಿಲ್ಲ.

"ಎಂತ ಆಯ್ತು?"

"ರೀಪು ನೋಡಿದ ಕೂಡಲೇ ನಗ್ಲಿಕ್ಕೆ ಶುರು ಮಾಡಿದ. ಪೊರ್ಬುಲೆ, ನೀವು ಇದನ್ನು ತಲೆಕೆಳಗೆ ಹಿಡಿದಿದ್ದೀರಿ ಅಂತ." ಯೂಸ್ಟೇಸ್ ನಗಲು ನೋಡಿದರು, ಆಗಲಿಲ್ಲ. "ಐದು ನಿಮಿಷದ ಕೆಲಸ ತೆರೆಜಾ. ಅವನು ನಿಂತು ಹೇಳಿದ, ಹುಡುಗರು ಕೊಯ್ದರು. ಮಧ್ಯಾಹ್ನದ ಹೊತ್ತಿಗೆ ಎಲ್ಲ ಸರಿ. ಹೋಗು, ರೂಮಿಗೆ ಬಿಡ್ತೇನೆ ಅಂದೆ. ಸ್ವಲ್ಪ ತಡೀರಿ ಅಂದ. ಉಳಿದ ಎಲ್ಲ ರೀಪು ಒಟ್ಟು ಮಾಡಿದ. ಎಡಗೈಯಲ್ಲಿ ಪೆನ್ಸಿಲ್ ಹಿಡಿದು ಒಂದೊಂದು ಗೀಟಿನ ಹತ್ರ ಬರೆದ. ಇದು ಸಿಂಕ್, ಇದು ಮೇಲಿನ ಕಪಾಟು, ಇದು ಕೆಳಗೆ. ಒಂದೊಂದು ಅಕ್ಷರಕ್ಕೆ ಬೆವರು ಒರೆಸಿಕೊಳ್ತಿದ್ದ. ನಾಲ್ಕು ಗಂಟೆ ತನಕ ಬರೆದ. ಯಾಕೆ ಅಣ್ಣು ಅಂತ ಕೇಳಿದ್ರೆ, ನಾನು ಹೋದ ಮೇಲೆ ನಿಮಗೆ ತೊಂದರೆ ಆಗ್ಬಾರ್ದಲ್ಲ ಅಂದ."

ಅವರು ತಟ್ಟೆ ಪಕ್ಕಕ್ಕೆ ಸರಿಸಿದರು. "ನಾಳೆ ಪೊಲೀಸ್ ಸ್ಟೇಶನಿಗೆ ಹೋಗ್ತೇನೆ. ಅಗಾತಾ ಬಾಯಿಯ ಹತ್ರ ಯಾವ ಯಾವ ಕಾಗದ ಬೇಕು ಅಂತ ಕೇಳಿ ಬಾ."

ಮಂಗಳವಾರ ಅವರಿಬ್ಬರೂ ಹೋದರು. ಆ ದಿನ ನಾನು ಒಂದೇ ಪಾತ್ರೆಯನ್ನು ಎರಡು ಸಲ ತೊಳೆದಿರಬೇಕು. ಮೂರು ಗಂಟೆಗೆ ಇಬ್ಬರೂ ಒಟ್ಟಿಗೆ ಬಂದರು.

"ಎಂತ ಹೇಳಿದರು?"

"ಮೊದಲು ಕೇಳಿದ್ದು ಲೇಶ್ ಅಂತ. ಯಾಕೆ ಅಂತ," ಎಂದ ಅಣ್ಣು. "ನಾನು ಹೆದರಿಕೆ ಅಂದೆ. ಪೊರ್ಬುಗಳೂ ಹೆದರಿಕೆ ಅಂದ್ರು. ಅವರು ನಮ್ಮಿಬ್ಬರ ಮುಖ ನೋಡಿದ್ರು. ನಾನು ಆರು ಅಡಿ, ಪೊರ್ಬುಗಳು ನನಗಿಂತ ಅಗಲ. ಇಬ್ಬರಿಗೂ ಹೆದರಿಕೆ ಅಂದ್ರೆ ಯಾರಾದ್ರೂ ನಂಬ್ತಾರಾ ಬಾಯಮ್ಮ?"

ಎರಡು ಗಂಟೆ ಕೂರಿಸಿದರಂತೆ. ಚೆನ್ನಾಗಿ ಬೈದರಂತೆ. ಇನ್ನೊಮ್ಮೆ ಹೀಗೆ ಮಾಡಿದರೆ ಸುಮ್ಮನೆ ಬಿಡುವುದಿಲ್ಲವೆಂದು ಎಚ್ಚರಿಸಿ, ಹೊಸದಾಗಿ ಹೇಳಿಕೆ ಬರೆದುಕೊಂಡರಂತೆ. ಅಲ್ಲಿಂದಲೇ ಲೇಬರ್ ಆಫೀಸಿಗೂ ಹೋಗಿ ತಿಳಿಸಿ ಬಂದಿದ್ದರು. ಯೂಸ್ಟೇಸ್ ವೀಸಾ ಕ್ಯಾನ್ಸಲಿನ ಕಾಗದ ಹಿಂದಕ್ಕೆ ತೆಗೆದರು, ಟಿಕೆಟ್ ರದ್ದು ಮಾಡಿದಾಗ ಸ್ವಲ್ಪ ಹಣ ಹೋಯಿತು. ಅಣ್ಣುವಿನ ರಟ್ಟಿನ ಪೆಟ್ಟಿಗೆಗೆ ನಾನು ಆ ವಾರವೇ ಹಳೆ ಪತ್ರಿಕೆ ತುಂಬಿಸಿಬಿಟ್ಟೆ.

ಇನ್ಶೂರೆನ್ಸ್ ಕಂಪೆನಿಯವನು ಶಾಪಿಗೆ ಬಂದು ಎಲ್ಲ ನೋಡಿ ಕೇಳಿದ ಮೊದಲ ಪ್ರಶ್ನೆ, "ಶೀಟುಗಳನ್ನು ಹಿಡಿದು ನಿಲ್ಲಿಸಿದ್ದು ಏನು?" ಗೋಡೆ, ಎಂದರು ಯೂಸ್ಟೇಸ್. "ಮುಂದಿನಿಂದ?" ಏನೂ ಇಲ್ಲ. "ಹಾಗಾದರೆ ಇದು ಇವತ್ತಲ್ಲ ನಾಳೆ ಬೀಳಲೇಬೇಕಿತ್ತು. ಯಾರ ಕೈ ತಾಗಿದರೂ ಸಾಕಿತ್ತು," ಎಂದು ಅವನು ಬರೆದುಕೊಂಡ. ಅದರ ಮರುದಿನವೇ ಯೂಸ್ಟೇಸ್ ಶೀಟುಗಳಿಗೆ ಕಬ್ಬಿಣದ ಕಂಬಗಳ ಅಟ್ಟಣಿಗೆ ಮಾಡಿಸಿದರು. ತಡವಾಗಿ ತಿಳಿಸಿದ್ದಕ್ಕೆ ಮೊದಲ ಮೂರು ವಾರದ ಸಂಬಳ ಕಂಪೆನಿ ಕೊಡಲಿಲ್ಲ. ಅದು ನಮ್ಮ ಸುಳ್ಳಿನ ಬೆಲೆ. ಅಲ್ಲಿಂದ ಮುಂದಿನದು ಬಂತು, ಸ್ವಲ್ಪ ತಡವಾಗಿ, ಎರಡು ಸಲ ಫೋನ್ ಮಾಡಿಸಿಕೊಂಡು.

ಅಕ್ಟೋಬರಿನಲ್ಲಿ ಪ್ಲಾಸ್ಟರ್ ತೆಗೆದರು. ಭಾರ ಎತ್ತಬಾರದು, ಗರಗಸ ಹಿಡಿಯಬಾರದು, ಹಗುರ ಕೆಲಸ ಮಾಡಬಹುದು ಎಂದು ಡಾಕ್ಟರ್ ಬರೆದುಕೊಟ್ಟರು. ಅಣ್ಣು ಶಾಪಿಗೆ ಬಂದ. ಅಳತೆ ತರುವುದು, ರೀಪು ಓದುವುದು, ಹುಡುಗರಿಗೆ ಹೇಳಿಕೊಡುವುದು ಅವನ ಕೆಲಸ. ವಾರಕ್ಕೆರಡು ದಿನ ಕೈಯ ವ್ಯಾಯಾಮಕ್ಕೆ ಆಸ್ಪತ್ರೆ. ಎತ್ತರದ ಒಂದು ಸ್ಟೂಲು, ಮರ ಹಿಡಿದುಕೊಳ್ಳುವ ಒಂದು ಕ್ಲ್ಯಾಂಪು, ಇವೆರಡಕ್ಕೆ ಕಂಪೆನಿ ದುಡ್ಡು ಕೊಟ್ಟಿತು. ಹನ್ನೆರಡು ವಾರ ಅವನ ಸಂಬಳದ ಅರ್ಧ ಭಾರ ನಮ್ಮ ಹೆಗಲಿನಿಂದ ಇಳಿಯಿತು. ಆ ಹನ್ನೆರಡು ವಾರಗಳಲ್ಲಿ ಒಂದು ಶಟರೂ ಗಿಡ್ಡವಾಗಲಿಲ್ಲ.

"ಪಾಲಿಸಿಯ ಕೊನೆಯ ಹಾಳೆ ಓದಿದ್ದೀರಾ?" ಈಗ ಶುಕ್ರವಾರ ಚರ್ಚಿನಲ್ಲಿ ಪೂಜೆ ಮುಗಿದ ಮೇಲೆ ಸಿಕ್ಕ ಸಿಕ್ಕ ಅಂಗಡಿಯವರನ್ನು ಹಿಡಿದು ಕೇಳುವವರು ಯೂಸ್ಟೇಸ್. ಜನ ತಪ್ಪಿಸಿಕೊಂಡು ಓಡುತ್ತಾರೆ.

ಮೂರು ವರ್ಷವಾಯಿತು. ನಾವು ಈಗ ಅಲ್ ಅಜೀಜಿಯಾದಲ್ಲಿದ್ದೇವೆ. ಇಲ್ಲಿ ಬುಟ್ಟಿ ಇಳಿಸಲು ಬಾಲ್ಕನಿಯಿಲ್ಲ, ಏಸಿಯ ನೀರು ಎಲ್ಲಿಗೆ ಹೋಗುತ್ತದೋ ಕಾಣುವುದಿಲ್ಲ. ಅಲ್ ಜದೀದಾದ ಆ ಕಟ್ಟಡವನ್ನು ಕೆಡವಿದರು. ಅಗಾತಾ ಬಾಯಿ ಕೆಲಸ ಬಿಟ್ಟು ಕಲ್ಯಾಣಪುರಕ್ಕೆ ಹೋದರು. ಹೋಗುವ ದಿನ ಅವರ ಪೆಟ್ಟಿಗೆಗೆ ಹೆಸರು ಬರೆದವನು ಅಣ್ಣು, ಬಲಗೈಯಲ್ಲಿ. ಎರಡು ಬೆರಳು ಇನ್ನೂ ಪೂರ್ತಿ ಮಡಚುವುದಿಲ್ಲ. ಆದರೆ ಉಳಿ ಹಿಡಿಯುತ್ತಾನೆ, ಮೀನು ಸಾರಿಗೆ ಹುಳಿ ಕಮ್ಮಿ ಎನ್ನುತ್ತಾನೆ.

ಅಂಗಡಿ, ಶಾಪು, ಗ್ಯಾರೇಜು ನಡೆಸುವ ಅಣ್ಣಂದಿರೇ, ನಿಮ್ಮ ಮನೆಯ ಕಪಾಟಿನಲ್ಲೋ ಆಫೀಸಿನ ಫೈಲಿನಲ್ಲೋ ಕೆಲಸದವರ ಇನ್ಶೂರೆನ್ಸಿನ ಕಾಗದ ಇರಬಹುದು. ಇವತ್ತೇ ಹೊರಗೆ ತೆಗೆದು ಕೊನೆಯ ಹಾಳೆಯ ತನಕ ಓದಿ. ಓದಲು ಕಷ್ಟವಾದರೆ ತಿಳಿದವರಿಂದ ಓದಿಸಿ. ಪೆಟ್ಟಾದವನು ಕೆಲಸಕ್ಕೆ ಮರಳಲು ನಿಮಗೆ ಏನು ಸಹಾಯ ಸಿಗುತ್ತದೆಂದು ಕಂಪೆನಿಯವರನ್ನೇ ಕೇಳಿ. ನಿಮ್ಮದರಲ್ಲಿ ಅಂಥದ್ದು ಇಲ್ಲದಿದ್ದರೆ ಮುಂದಿನ ಸಲ ಹಾಕಿಸಿ. ಪೆಟ್ಟಾದ ಮೊದಲ ಗಂಟೆಯಲ್ಲೇ ನಿಜ ಹೇಳಿ. ಕೆಲಸ ಮಾಡುವ ತಮ್ಮಂದಿರೇ, ಧಣಿಯ ಮೇಲಿನ ಪ್ರೀತಿಗೆ ನೀವು ಸುಳ್ಳು ಹೇಳಬೇಡಿ. ಆ ಸುಳ್ಳು ಅವರನ್ನೂ ಉಳಿಸುವುದಿಲ್ಲ. ಮನೆಯಲ್ಲಿರುವ ಅಕ್ಕ ತಂಗಿಯರೇ, ನಿಮ್ಮ ಮಾತು ನಡೆಯುವುದಿಲ್ಲ ಎಂದುಕೊಳ್ಳಬೇಡಿ. ಚಾ ಸೋಸುತ್ತಲೇ ಹೇಳಿದರೂ ಸಾಕು.

ನಾವು ಹೇಳಿದ ಸುಳ್ಳು ಯಾರ ಯಾರ ಮೇಲೆ ಬೀಳುತ್ತದೆಂದು ನಮಗೆ ಗೊತ್ತಿರುವುದಿಲ್ಲ. ನನಗೆ ಗೊತ್ತಾದದ್ದು ಅಣ್ಣು ಹಗುರ ಕೆಲಸಕ್ಕೆ ಬಂದ ಮೊದಲ ಶನಿವಾರ. ಅವನಿಗೆ ಇಷ್ಟವೆಂದು ಮೀನು ಸಾರು ಕಟ್ಟಿಕೊಂಡು ಮೈರಾಳ ಜೊತೆ ಶಾಪಿಗೆ ಹೋಗಿದ್ದೆ. ಅವನು ಹೊಸ ಸ್ಟೂಲಿನ ಮೇಲೆ ಕೂತು ರೀಪಿನ ಗೀಟು ನೋಡುತ್ತಿದ್ದ. ಮೈರಾ ನನ್ನ ಬೆನ್ನ ಹಿಂದೆ ನಿಂತಳು.

"ಬಾ ಮಗಾ, ಇದರ ತುದಿ ಹಿಡಿ. ನನಗೆ ಒಂದೂವರೆ ಕೈ ಮಾತ್ರ ಈಗ," ಎಂದ ಅಣ್ಣು.

ಅವಳು ಮುಂದೆ ಬಂದಳು. ತುದಿ ಹಿಡಿದಳು. ತುಂಬ ಹೊತ್ತು ಅವನ ಸಣಕಲಾದ ಕೈಯನ್ನೇ ನೋಡಿದಳು. ಮತ್ತೆ ಯಂತ್ರದ ಸದ್ದು ನಿಂತ ಒಂದು ಗಳಿಗೆಯಲ್ಲಿ, ನಮಗೆಲ್ಲರಿಗೂ ಕೇಳುವ ಹಾಗೆ ಕೇಳಿದಳು:

"ಅಂಕಲ್, ನಾನು ಡಾಲ್ ಹೌಸಿಗೆ ಪ್ಲೈ ಬೇಕು ಬೇಕು ಅಂತ ಹಟ ಮಾಡಿ ನೀವು ತೆಗೀಲಿಕ್ಕೆ ಹೋಗಿದ್ದಕ್ಕಾ ಅದು ಬಿದ್ದದ್ದು? ನನ್ನ ತಪ್ಪು ಅಂತ ಯಾರಿಗೂ ಗೊತ್ತಾಗ್ಬಾರ್ದು ಅಂತಲಾ ಎಲ್ಲರೂ ಬಾತ್‌ರೂಮ್ ಅಂತ ಹೇಳಿದ್ದು?"